ಹನ್ನೊಂದನೇ ಹಗೇವು

ಹೋದ ತಿಂಗಳು ಅಣ್ಣಿಗೇರಿಯಲ್ಲಿ ನಮ್ಮ ಶಾಲೆಯ ಶಿಕ್ಷಕಿಯೊಬ್ಬರ ಹೊಸ ಮನೆಗೆ ಪಾಯ ತೋಡುತ್ತಿದ್ದರು. ಚಹಾಕ್ಕೆ ಕರೆದಿದ್ದರೆಂದು ಹೋಗಿದ್ದೆ. ಜೆಸಿಬಿಯ ಹಲ್ಲು ಹಿತ್ತಲಿನ ಒಂದು ಚಪ್ಪಡಿ ಕಲ್ಲನ್ನು ಎತ್ತಿ ಬದಿಗೆ ಹಾಕಿತು. ನೆಲದೊಳಗಿಂದ ಒಂದು ವಾಸನೆ ಬಂತು. ಹುಳಿಯಾದ ಹೊಟ್ಟು, ಹಳೆಯ ಹೊಗೆ, ಬುಟ್ಟಿಯಲ್ಲಿ ಮರೆತುಹೋದ ರೊಟ್ಟಿ, ಎಲ್ಲ ಸೇರಿ ಬೆಚ್ಚಗೆ ಮುಖಕ್ಕೆ ಹೊಡೆಯುವಂಥ ವಾಸನೆ. ಕೆಲಸದವನೊಬ್ಬ ಬಗ್ಗಿ ಇಣುಕಿದ. ನಾನು ಕಪ್ಪು ಕೆಳಗಿಟ್ಟು ಓಡಿ, ಅವನ ತೋಳು ಹಿಡಿದು ಹಿಂದಕ್ಕೆ ಎಳೆದೆ. ಇದು ಜೋಳದ ಹಗೇವು, ಇವತ್ತು ಪೂರ್ತಿ ಬಾಯಿ ತೆರೆದೇ ಇರಲಿ, ಯಾರೂ ಇಳಿಯಬೇಡಿ ಎಂದೆ.

"ಮೇಡಮ್ಮಾರಿಗೆ ಇದೆಲ್ಲಾ ಹೆಂಗ ಗೊತ್ರಿ?" ಎಂದು ಅವನು ಕೇಳಿದ.

ಒಂದು ಮಾತಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಓದಿದ್ದೆ ಎಂದಷ್ಟೇ ಹೇಳಿದೆ. ಆದರೆ ಮನೆಗೆ ಬಂದ ಮೇಲೂ ಆ ವಾಸನೆ ಮೂಗಿನಲ್ಲೇ ಉಳಿಯಿತು. ಅದರ ಜೊತೆ ಆರು ವರ್ಷದ ಹಿಂದಿನ ಒಂದು ಚಳಿಗಾಲವೂ ಬಂತು.

ಆಗ ನಾನು ಧಾರವಾಡದಲ್ಲಿ ಇತಿಹಾಸ ಎಂ.ಎ. ಎರಡನೇ ವರ್ಷದಲ್ಲಿದ್ದೆ. ಊರು ಕುಂದಗೋಳ ತಾಲೂಕಿನ ಕುಬಿಹಾಳ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನ ಗೈಡ್ ಮೇಡಂ ಮೈಸೂರು ಕಡೆಯವರು. ಮಾತು ಮೃದು, ಕೆಲಸದಲ್ಲಿ ಕಟ್ಟುನಿಟ್ಟು. ಫೆಬ್ರುವರಿಯಲ್ಲಿ ವಿಭಾಗದಲ್ಲಿ ದೊಡ್ಡ ವಿಚಾರ ಸಂಕಿರಣ ಇತ್ತು. ದೀಪಾವಳಿ ರಜೆ ಮುಗಿಸಿಕೊಂಡು ಬಂದ ದಿನ ಮೇಡಂ ನನ್ನನ್ನು ಕರೆದು, "ಸುವರ್ಣಾ, ನೀನು ಪೇಪರ್ ಓದೋದು ಬೇಡ. ಪೋಸ್ಟರ್ ಮಾಡು" ಎಂದರು.

ನನಗೆ ಅದು ಶಿಕ್ಷೆಯಂತೆ ಕೇಳಿಸಿತು. ಪೋಸ್ಟರ್ ಅಂದರೆ ನನಗೆ ಗೊತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸುವ ನಾಟಕದ ಕಂಪನಿಯ ಕಾಗದ. ಓದಿನಲ್ಲಿ ಪೋಸ್ಟರಿಗೆ ಏನು ಕೆಲಸ? ಕೇಳಿದರೆ ದಡ್ಡಿ ಅನ್ನಿಸಿಕೊಳ್ಳುತ್ತೇನೆಂದು ಕೇಳಲಿಲ್ಲ. ಹಾಸ್ಟೆಲಿನಲ್ಲಿ ಒಬ್ಬಳು, ಪ್ರಬಂಧದ ಹಾಳೆಗಳನ್ನೇ ಸಾಲಾಗಿ ಅಂಟಿಸಬೇಕು ಎಂದಳು. ಇನ್ನೊಬ್ಬಳು, ಇಲ್ಲ, ಶಾಲೆಯಲ್ಲಿ ಸ್ಕೆಚ್ ಪೆನ್ನಿನಿಂದ ಮಾಡುತ್ತಿದ್ದ ಚಾರ್ಟಿನ ಹಾಗೆ ಎಂದಳು. ಕೊನೆಗೆ ಮೇಡಂ ತಾವಾಗಿಯೇ ಹೇಳಿದರು. ಮೂರಡಿ ಅಗಲ, ನಾಲ್ಕಡಿ ಉದ್ದ. ಐದಡಿ ದೂರ ನಿಂತವರು ಎರಡು ನಿಮಿಷದಲ್ಲಿ ಓದಿ ಮುಗಿಸಬೇಕು. ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ. ಪಕ್ಕದಲ್ಲಿ ನಾನು ನಿಂತಿರಬೇಕು, ಕೇಳಿದವರಿಗೆ ಉತ್ತರ ಕೊಡಬೇಕು. ನನ್ನ ವಿಷಯ ಹಗೇವು. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಗುಂಡಿ. ಅದನ್ನು ಎರಡು ನಿಮಿಷದಲ್ಲಿ ಹೇಗೆ ಹೇಳುವುದೋ ತಿಳಿಯಲಿಲ್ಲ. ತಲೆಯಾಡಿಸಿ ಬಂದೆ.

ಡಿಸೆಂಬರಿನಲ್ಲಿ ಕಲ್ಲಪ್ಪ ಮಾಮಾನ ಊರಿಗೆ ಹೋದೆ. ನನ್ನವ್ವನ ತಮ್ಮ. ಊರು ಶಲವಡಿಗೆ ಹತ್ತಿರ, ಹೆಸರು ಇಲ್ಲಿ ಬರೆಯುವುದಿಲ್ಲ. ಮಾಮಾ ಒಕ್ಕಲುತನದ ಜೊತೆಗೆ ಮನೆಯ ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಆ ವರ್ಷ ಹಿಂಗಾರಿ ಚಲೋ ಆಗಿತ್ತು. ಎರೆಹೊಲದ ತುಂಬ ಕಡಲೆ, ನಡುನಡುವೆ ಹಳದಿ ಹೂ ಬಿಟ್ಟ ಕುಸುಬಿ. ಬೆಳಗಿನ ಗಾಳಿ ಕಿವಿ ಕತ್ತರಿಸುವಂತೆ ಬೀಸುತ್ತಿತ್ತು. ಹೊತ್ತೇರಿದರೆ ಅದೇ ಗಾಳಿ ಒಣಗಿ ತುಟಿ ಬಿರಿಯುತ್ತಿತ್ತು. ಮಾಮಾನೂ ನಾನೂ ದಿನಾ ಹನ್ನೊಂದರ ಸುಮಾರಿಗೆ ಹೊರಟು ಮನೆಮನೆ ತಿರುಗಿದೆವು.

ಎಲ್ಲ ಹಗೇವೂ ಈಗ ಮುಚ್ಚಿಹೋಗಿದ್ದವು. ಕೆಲವುಗಳ ಮೇಲೆ ಸಿಮೆಂಟ್ ರಸ್ತೆ ಬಂದಿತ್ತು, ಕೆಲವುಗಳ ಮೇಲೆ ಪಾಯಖಾನೆ. ಆದರೆ ವಯಸ್ಸಾದವರು ಕಾಲಿನಿಂದ ನೆಲ ತಟ್ಟಿ ಇಲ್ಲಿತ್ತು ನೋಡವಾ ಎಂದು ತೋರಿಸುತ್ತಿದ್ದರು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಸುತ್ತ ದಂಟು, ಹೊಟ್ಟು ಒತ್ತಿ, ಜೋಳ ಸುರಿದು, ಮೇಲೆ ಕಲ್ಲು ಇಟ್ಟು ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಎಚ್ಚರ ಬೇಕು. ಒಳಗಿನ ಗಾಳಿ ಕೆಟ್ಟಿರುತ್ತದೆ. ಮುಂಜಾನೆ ಕಲ್ಲು ಸರಿಸಿ, ಅರ್ಧ ದಿನ ಬಿಟ್ಟು, ಹಗ್ಗ ಕಟ್ಟಿ ಕಂದೀಲು ಇಳಿಸಬೇಕು. ದೀಪ ಆರಿದರೆ ಇಳಿಯಬಾರದು. ಉರಿದರೆ ಇಳಿಯಬಹುದು. ಯಾರನ್ನು ಕೇಳಿದರೂ ಈ ಮಾತು ಹೇಳುತ್ತಿದ್ದರು.

ಫೋನಿನಲ್ಲಿ ಮೇಡಂಗೆ ಹೇಳಿದಾಗ ಅವರ ದನಿಯೇ ಬದಲಾಯಿತು. "ಅದ್ಭುತ. ಇದೇ ನಿನ್ನ ತೀರ್ಮಾನ. ಕಂದೀಲಿನ ಪರೀಕ್ಷೆ ನಂಬಲರ್ಹವಾದ ದೇಶೀಯ ಸುರಕ್ಷಾ ವಿಧಾನ ಅಂತ ದಪ್ಪಕ್ಷರದಲ್ಲಿ ಹಾಕು" ಎಂದರು. ಮೊದಲ ಸಲ ನನಗೆ ಪೋಸ್ಟರು ಕಣ್ಣಿಗೆ ಕಂಡಂತಾಯಿತು. ನಡುವೆ ಊರಿನ ನಕಾಶೆ, ಹಗೇವಿಗೊಂದು ನಂಬರು, ಕೆಳಗೆ ಆ ದಪ್ಪಕ್ಷರ.

ಹನ್ನೊಂದನೇ ನಂಬರು ಕೊಟ್ಟದ್ದು ಈರವ್ವಾಯಿಯ ಅಂಗಳದ ಹಗೇವಿಗೆ.

ಈರವ್ವಾಯಿಗೆ ಎಂಬತ್ತು ದಾಟಿತ್ತು. ಬೆನ್ನು ಬಾಗಿದ್ದರೂ ಹಣೆಯ ವಿಭೂತಿ ಒಂದು ದಿನವೂ ತಪ್ಪುತ್ತಿರಲಿಲ್ಲ. ಮಗ ಬಸವರಾಜಪ್ಪ ನಿವೃತ್ತ ಕನ್ನಡ ಶಾಲೆ ಮಾಸ್ತರು. ಊರಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ. ನಾವು ಹೋದಾಗ ಅವರೇ ಬಾಗಿಲಿಗೆ ಬಂದರು. "ನಮ್ಮ ಮನ್ಯಾಗ ಹಗೇವು ಇರಲಿಲ್ಲವಾ. ಇದ್ರ ನನಗ ಗೊತ್ತಿರತಿತ್ತು" ಎಂದರು. ಅವರ ಹಿಂದೆಯೇ, ಅಂಗಳದ ಮೂಲೆಯಲ್ಲಿ, ಚಪ್ಪಡಿ ಕಲ್ಲಿನ ಮೇಲೆ ಎರಡು ನೀರಿನ ಕೊಡ ಇದ್ದವು. ಮಾಮಾ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಈರವ್ವಾಯಿ ಒಬ್ಬಳೇ ಅಂಗಡಿಗೆ ಬಂದಳು. ಬೆಲ್ಲ ಬೇಕು ಅಂದಳು, ನಾನು ಕೊಟ್ಟ ಬೆಲ್ಲ ತೆಗೆದುಕೊಳ್ಳದೆ ಕಟ್ಟೆಯ ಮೇಲೆ ಕೂತಳು.

"ನೀ ಹಗೇವಿಂದ ಕೇಳಾಕ ಬಂದಾಕಿ ಅಲ್ಲೇನ?"

"ಹೌದು ಆಯಿ."

"ನಮ್ಮಲ್ಲೂ ಇತ್ತು. ಕೊಡ ಇಟ್ಟ ಕಲ್ಲು ನೋಡಿಯಲ್ಲ, ಅದರ ಬುಡಕ. ನನ್ನ ಮೈದುನ ಅದರಾಗ ಇಳದಾ, ಬರಲಿಲ್ಲ."

ನನ್ನ ಮೊಬೈಲಿನಲ್ಲಿ ರೆಕಾರ್ಡಿಂಗ್ ಚಾಲೂ ಇತ್ತು. ಆಕೆಗೆ ತೋರಿಸಿದೆ. ಇರಲಿ ಎಂದು ಕೈಯಾಡಿಸಿದಳು. ಆದರೆ ಮಾಮಾ ಒಳಗಿಂದ ಬಂದದ್ದೇ ಬೆಲ್ಲದ ಪೊಟ್ಟಣ ಎತ್ತಿಕೊಂಡು ಹೋದಳು. ಮರುದಿನ ನಾನೇ ಹುಡುಕಿಕೊಂಡು ಹೋದರೆ, "ಅವಗ ಜ್ವರಾ ಬಂದಿತ್ತವಾ, ಜ್ವರದಾಗ ಹೋದಾ" ಅಂದಳು. ಮಗ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ನನಗೆ ಯಾವುದು ನಿಜ ತಿಳಿಯದಾಯಿತು. ವಹಿಯಲ್ಲಿ ಹನ್ನೊಂದರ ಮುಂದೆ ಎರಡನ್ನೂ ಬರೆದು, ಎರಡರ ಮುಂದೂ ಪ್ರಶ್ನೆ ಚಿಹ್ನೆ ಹಾಕಿದೆ.

ಮಾಮಾನನ್ನು ಕೇಳಿದೆ. ಅವನು ಹೇಳಲೋ ಬೇಡವೋ ಎನ್ನುತ್ತ ಹೇಳಿದ. ಅವನ ಅಪ್ಪನ ಕಾಲದ ಮಾತು. ಈರವ್ವಾಯಿಯ ಗಂಡನಿಗೆ ಒಬ್ಬನೇ ತಮ್ಮ, ಲಗ್ನ ಆಗಿರಲಿಲ್ಲ. ಅವನು ಸತ್ತ ಮೇಲೆ ಹೊಲವೆಲ್ಲ ಅಣ್ಣನಿಗೇ ಉಳಿಯಿತು. ಹೊಲದ ಆಸೆಗೆ ಅಣ್ಣನೇ ಇಳಿಸಿದ ಎಂದು ಊರಲ್ಲಿ ಕೆಲವರು ಆಡಿಕೊಂಡರು. ಅಣ್ಣ ಆ ದಿನ ಅಣ್ಣಿಗೇರಿ ಸಂತೆಗೆ ಹೋಗಿದ್ದ, ಊರಲ್ಲೇ ಇರಲಿಲ್ಲ. ಆದರೂ ಬಾಯಿಗೆ ಬಾಗಿಲು ಇಲ್ಲವಲ್ಲ. ಅಂದಿನಿಂದ ಆ ಮನೆಯಲ್ಲಿ ಜ್ವರ ಅಂತಲೇ ಹೇಳುತ್ತ ಬಂದರು. ಹಗೇವು ಮುಚ್ಚಿ ಮೇಲೆ ನೀರಿನ ಕೊಡ ಇಟ್ಟರು.

ಸಂಕ್ರಾಂತಿಯ ಮರುದಿನ ಈರವ್ವಾಯಿ ನನ್ನನ್ನು ಕರೆಸಿದಳು. ಮಗ ನವಲಗುಂದಕ್ಕೆ ಹೋಗಿದ್ದರು. ಸೊಸೆ ಹಿತ್ತಲಿನಲ್ಲಿದ್ದಳು. ಆ ದಿನ ಆಕೆ ಎಲ್ಲವನ್ನೂ ಹೇಳಿದಳು.

"ನನ್ನ ಲಗ್ನಾಗಿ ಎರಡನೇ ವರ್ಷ. ಮೊದಲನೇ ಕೂಸು ತೊಟ್ಟಲದಾಗಿತ್ತು. ಮನಿಯವರು ಸಂತಿಗೆ ಹೋಗಿದ್ರು. ನಮ್ಮತ್ತಿ ಒಲಿ ಮುಂದ ರೊಟ್ಟಿ ಬಡೀತಿದ್ಲು. ಮೈದುನ ಮುಂಜಾನೆನ ಕಲ್ಲು ಸರಿಸಿದ್ದಾ. ಅವಗ ಗಡಿಬಿಡಿ, ಎಲ್ಲೋ ಕುಸ್ತಿ ಇತ್ತು. ಅತ್ತಿಗಿ, ಕಂದೀಲು ಇಳಿಸಿ ನೋಡು ಅಂದಾ. ನಾ ಹಗ್ಗಾ ಹಿಡದು ಇಳಿಸಿದೆ. ನಡುಮಧ್ಯಾಹ್ನ. ಬಿಸಲು ನೆಟ್ಟಗ ಅದರ ಬಾಯಾಗ ಬೀಳತಿತ್ತು. ಕೂಸು ಅಳಾಕ ಹತ್ತಿತು. ಒಳಗ ಏನೋ ಹೊಳೀತಿತ್ತವಾ. ದೀಪಾನ ಹೊಳೀತೋ, ಹೊಟ್ಟಿನ ಮ್ಯಾಲೆ ಬಿಸಲು ಬಿದ್ದು ಹೊಳೀತೋ. ನಾ ಹೂಂ ಅಂದೆ. ಕಂದೀಲು ಎಳದು, ಅದರ ಕಡೆ ನೋಡದನ ಜಗಲಿ ಕಟ್ಟಿ ಮ್ಯಾಲಿಟ್ಟು ಒಳಗ ಹೋದೆ. ಕೂಸಿಗೆ ಹಾಲು ಕುಡಿಸಿ ಬರೂದರಾಗ ಅವನ ದನಿ ಇರಲಿಲ್ಲ."

ನನ್ನ ಕಡೆ ತಿರುಗಿ ಕೇಳಿದಳು, "ಬಿಸಲಾಗ ಕಂದೀಲು ಉರಿಯೂದು ಕಾಣಸ್ತೈತೇನವಾ?"

ನಾನು ತಲೆ ಅಲ್ಲಾಡಿಸಿದೆ. ಕಾಣುತ್ತದೆ ಎಂದೋ, ಇಲ್ಲವೆಂದೋ, ನನಗೇ ಗೊತ್ತಿರಲಿಲ್ಲ.

"ನೀ ಊರೆಲ್ಲಾ ತಿರುಗಿ ಕೇಳೀದಿ. ಕಂದೀಲು ಉರದರ ಏನೂ ಆಗೂದಿಲ್ಲ ಅಂತ ಎಲ್ಲಾರೂ ಅಂದಾರ. ಹಂಗಂದ್ರ ಅವತ್ತ ಅದು ಉರದಿಲ್ಲ. ನಾನ ನೋಡಲಿಲ್ಲ. ಹೌದಲ್ಲೇನ? ನೀ ಓದಿದಾಕಿ, ಹೇಳು."

ಪೋಸ್ಟರಿನ ತೀರ್ಮಾನ ನೆನಪಾಯಿತು. ಆ ದಪ್ಪಕ್ಷರ ನಿಜವಾದರೆ ಈ ಮುದುಕಿ ಮೈದುನನನ್ನು ಕೊಂದಂತೆ. ಆಕೆಯ ತಪ್ಪಿಲ್ಲವಾದರೆ ನನ್ನ ತೀರ್ಮಾನ ಸುಳ್ಳು. ಅರವತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನದ ಬಿಸಿಲನ್ನು ನಾನು ಎಲ್ಲಿಂದ ತರಲಿ? "ಕೇಳಿ ಹೇಳ್ತೀನಿ ಆಯಿ" ಅಂದೆ. ಯಾರನ್ನು ಕೇಳಬೇಕೋ ತಿಳಿದಿರಲಿಲ್ಲ. ಆದರೆ ಆಕೆ ನಂಬಿದಳು. ನನ್ನ ಕೈಯಲ್ಲಿ ಎಳ್ಳು ಬೆಲ್ಲ ಇಟ್ಟಳು.

ಆ ಸಂಜೆಯೇ ಬಸವರಾಜಪ್ಪ ಮಾಸ್ತರು ಅಂಗಡಿಗೆ ಬಂದರು. ಸೊಸೆ ಹೇಳಿರಬೇಕು. ಜಗಳ ಮಾಡಲಿಲ್ಲ. ಬೆಂಚಿನ ಮೇಲೆ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನೋಡವಾ, ನಮ್ಮಪ್ಪ ಸಾಯೂತನಕಾ ಆ ಮಾತು ಹೊತ್ತಾ. ನಾನೂ ಶಾಲಿಗೆ ಹೋಗೂವಾಗ ಕೇಳೀನಿ, ಹುಡುಗೂರು ಅಂತಿದ್ರು. ಈಗ ಅದನ್ನ ಅಂದ ಮಂದಿ ಎಲ್ಲಾ ಹೋಗ್ಯಾರ. ನೀ ಅದನ್ನ ಧಾರವಾಡದಾಗ ಹಾಕಿದ್ರ ಮತ್ತ ಎದ್ದು ಬರತೈತಿ. ನಮ್ಮ ಮನಿ ಬ್ಯಾಡ."

"ಹೆಸರು ಹಾಕೂದಿಲ್ರಿ ಸರ್."

"ಹೆಸರು ಬ್ಯಾಡ, ಕಲ್ಲು ತೋರಿಸಿದ್ರ ಸಾಕು. ಊರಿಗೆ ಗೊತ್ತಾಗತೈತಿ."

ಮಾಮಾ ತಕ್ಕಡಿಯ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ. ಆ ಊರಲ್ಲಿ ಅವನು ದಿನಾ ಮುಖ ತೋರಿಸಬೇಕು. ಆಗಲಿ ಸರ್ ಎಂದೆ. ಹನ್ನೊಂದನೇ ಹಗೇವು ಬಿಟ್ಟೆ.

ಬಿಟ್ಟರೆ ಎಲ್ಲ ಸಲೀಸು ಎಂದುಕೊಂಡಿದ್ದೆ. ಆಗಲಿಲ್ಲ. ಅದು ಇಲ್ಲದ ತೀರ್ಮಾನವನ್ನು ಓದಿದಾಗಲೆಲ್ಲ ಆಕೆಯ ಪ್ರಶ್ನೆಗೆ ನಾನೇ ಹೌದು ಎಂದು ಉತ್ತರ ಕೊಟ್ಟ ಹಾಗೆ ಅನಿಸುತ್ತಿತ್ತು. ಮೇಡಂಗೆ ಫೋನು ಮಾಡಿ, ಯಾರದೆಂದು ಹೇಳದೆ, ಇಂಥದೊಂದು ಕಥೆ ಸಿಕ್ಕಿದೆ ಎಂದೆ. ಅವರು ಯಾವುದೋ ಮೀಟಿಂಗಿನಲ್ಲಿದ್ದರು. "ಒಬ್ಬ ಅಜ್ಜಿಯ ನೆನಪು ಪುರಾವೆ ಆಗೋದಿಲ್ಲಮ್ಮ. ಅದೂ ದಿನಕ್ಕೊಂದು ರೀತಿ ಹೇಳ್ತಾರೆ ಅಂತೀಯ. ಪಕ್ಕಕ್ಕಿಡು. ಪೋಸ್ಟರಿನಲ್ಲಿ ಒಂದೇ ಮಾತು ಸ್ಪಷ್ಟವಾಗಿ ಇರಬೇಕು" ಎಂದರು. ಅವರು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ಸಮಾಧಾನವೂ ಆಗಲಿಲ್ಲ.

ಅಣ್ಣಿಗೇರಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಪೋಸ್ಟರ್ ಮಾಡಿಸಿದೆ. ಅಂಗಡಿಯ ಮಹಾಂತೇಶ ಹುಟ್ಟುಹಬ್ಬದ ಬ್ಯಾನರು, ಸ್ವಾಗತದ ಬ್ಯಾನರು ಮಾಡುವುದರಲ್ಲಿ ಪಳಗಿದವನು. ನನ್ನ ಪೆನ್‌ಡ್ರೈವ್ ತೆರೆದರೆ ಅವನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರವೆಲ್ಲ ಒಡೆದು ಚೌಕ ಚೌಕ ಕಂಡವು. ನಾನು ಓದಿ ಹೇಳಿದೆ, ಅವನು ಮತ್ತೆ ಟೈಪು ಮಾಡಿದ. ಎರಡು ದಿನ ಹಿಡಿಯಿತು. ಸುತ್ತ ಗುಲಾಬಿ ಹೂವಿನ ಅಂಚು ಹಾಕಿದ. ತೆಗೆಸಿದೆ. ಮೇಲೆ ಎರಡು ದುಂಡನೆಯ ಖಾಲಿ ಜಾಗ ಬಿಟ್ಟು, "ಇಲ್ಲಿ ಯಾರ ಫೋಟೋ ಹಾಕೂಣು ಅಕ್ಕಾರ?" ಎಂದು ಕೇಳಿದ. ಯಾರದೂ ಇಲ್ಲ ಎಂದರೆ ಅವನಿಗೆ ನಂಬಿಕೆ ಬರಲಿಲ್ಲ. ಫೋಟೋ ಇಲ್ಲದ ಬ್ಯಾನರ್ ಅವನು ಮಾಡಿಯೇ ಇರಲಿಲ್ಲ.

ನಾನು ಬರೆದದ್ದು ಬಹಳ ಇತ್ತು. ತುಂಬಿಸಿದರೆ ಅಕ್ಷರ ಇರುವೆಯಷ್ಟಾದವು. ಮಹಾಂತೇಶ ಕುರ್ಚಿ ಹಿಂದಕ್ಕೆ ಸರಿಸಿ, ಬಾಗಿಲ ತನಕ ಹೋಗಿ, ಅಲ್ಲಿಂದ ಕಣ್ಣು ಕಿರಿದು ಮಾಡಿ ನೋಡಿದ.

"ಅಕ್ಕಾರ, ಬ್ಯಾಸರಾಗಬ್ಯಾಡ್ರಿ. ಇದರಾಗ ನೀವು ಏನ್ ಹೇಳಾಕತ್ತೀರಿ, ಅದನ್ನ ಒಂದ ಮಾತಿನ್ಯಾಗ ಹೇಳ್ರಿ. ಅದನ್ನಷ್ಟ ದೊಡ್ಡದು ಮಾಡತೀನಿ."

ನಾನು ವಹಿಯ ಹಾಳೆ ತಿರುವಿದೆ. ಕೊನೆಗೆ ಮೇಡಂ ಹೇಳಿದ ಸಾಲನ್ನೇ ತೋರಿಸಿದೆ. "ಕಂದೀಲಿನ ಪರೀಕ್ಷೆ: ನಂಬಲರ್ಹವಾದ ದೇಶೀಯ ಸುರಕ್ಷಾ ವಿಧಾನ." ಅವನು ಅದನ್ನು ಕೆಂಪು ಬಣ್ಣದಲ್ಲಿ, ಅಂಚಿನಿಂದ ಅಂಚಿನವರೆಗೆ ಹಿಗ್ಗಿಸಿದ. ನಕಾಶೆಯಲ್ಲಿ ಹನ್ನೊಂದನ್ನು ಅಳಿಸು ಎಂದೆ. ಅಳಿಸಿದ. ಮುಂದಿನ ನಂಬರುಗಳನ್ನು ಒಂದೊಂದು ಹಿಂದಕ್ಕೆ ಸರಿಸಬೇಕು ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಸಂಕಿರಣದ ದಿನ ಸಭಾಭವನದ ಉದ್ದ ವರಾಂಡದಲ್ಲಿ ಕಬ್ಬಿಣದ ಸ್ಟ್ಯಾಂಡುಗಳಿಗೆ ಪೋಸ್ಟರ್ ಕಟ್ಟಿದರು. ಅವ್ವನ ಇಳಕಲ್ ಸೀರೆ ಉಟ್ಟು ನನ್ನದರ ಪಕ್ಕ ನಿಂತೆ. ಉಳಿದವರ ಪೋಸ್ಟರುಗಳ ಮುಂದೆ ಒಂದು ಸುತ್ತು ಹೋಗಿ ಬಂದೆ. ಅವರ ಪಟ್ಟಿ, ಅವರ ರೇಖೆ, ಅವರ ಬಿಳಿ ಜಾಗ. ನನ್ನದು ದೂರದಿಂದ ಯಾವುದೋ ಅಂಗಡಿ ಉದ್ಘಾಟನೆಯ ಬ್ಯಾನರಿನಂತೆ ಕಾಣುತ್ತಿತ್ತು. ಜನ ಚಹಾದ ಕಪ್ಪು ಹಿಡಿದು ಬರುತ್ತಿದ್ದರು, ಶೀರ್ಷಿಕೆ ಓದಿ, ಚೆನ್ನಾಗಿದೆ ಎಂದು ಮುಂದೆ ಹೋಗುತ್ತಿದ್ದರು. ನಾಲ್ಕು ಸಲ ಹೇಳಿದ ಮೇಲೆ ನನ್ನ ಮಾತು ನನಗೇ ಬಾಯಿಪಾಠದ ಹಾಗೆ ಕೇಳಿಸತೊಡಗಿತು.

ಊಟಕ್ಕೆ ಸ್ವಲ್ಪ ಮುಂಚೆ ನಿರ್ಣಾಯಕರಲ್ಲೊಬ್ಬರು ಬಂದರು. ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ವಯಸ್ಸಾದ ಸರ್. ಬೇರೆಯವರ ಹಾಗೆ ಐದಡಿ ದೂರ ನಿಲ್ಲಲಿಲ್ಲ. ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಬಂದು ನಕಾಶೆಯ ಮೇಲೆ ಬೆರಳಿಟ್ಟರು.

"ಎಂಟು, ಒಂಬತ್ತು, ಹತ್ತು, ಹನ್ನೆರಡು. ಹನ್ನೊಂದು ಎಲ್ಲಿ ಹೋತು?"

"ಆ ಮನೆಯವರು ಬ್ಯಾಡ ಅಂದ್ರು ಸರ್. ಮಾತು ಕೊಟ್ಟೀನಿ."

"ಕೊಟ್ಟಿದ್ದು ಛಲೋ ಆತು. ಮನಿ ಯಾವುದು ಅಂತ ನಾ ಕೇಳೂದಿಲ್ಲ. ಒಂದ ಹೇಳು. ಆ ಹಗೇವು ನಿನ್ನ ಈ ಕೆಂಪು ಸಾಲಿನ ಪರವಾಗಿತ್ತೋ, ವಿರುದ್ಧ ಇತ್ತೋ?"

"ಗೊತ್ತಿಲ್ರಿ ಸರ್."

"ಹೇಳಾಕ ಮನಸಿಲ್ಲೋ, ನಿಜವಾಗಿ ಗೊತ್ತಿಲ್ಲೋ?"

"ನಿಜವಾಗಿ ಗೊತ್ತಿಲ್ರಿ."

ಯಾಕೋ ಅವರ ಮುಂದೆ ಹೇಳಬಹುದು ಅನಿಸಿತು. ಊರು, ಹೆಸರು ಬಿಟ್ಟು, ದೀಪ ಉರಿಯಿತೋ ಇಲ್ಲವೋ ಎನ್ನುವುದು ನೋಡಿದವರಿಗೇ ಖಾತ್ರಿಯಿಲ್ಲ, ಇಳಿದವರು ಸತ್ತರು ಎಂದೆ. ಅವರು ಪೂರ್ತಿ ಕೇಳಿದರು. ಆಮೇಲೆ ಪಾಠ ಮಾಡುವವರಂತೆ ನಿಧಾನವಾಗಿ ಹೇಳಿದರು. ದೀಪ ಆರುವುದಕ್ಕೂ ಮನುಷ್ಯನಿಗೆ ಉಸಿರು ಕಟ್ಟುವುದಕ್ಕೂ ಗಾಳಿ ಒಂದೇ ಹದಕ್ಕೆ ಕೆಡಬೇಕೆಂದಿಲ್ಲ. ಕೆಟ್ಟ ಗಾಳಿ ಭಾರ, ತಳದಲ್ಲಿ ಕೂತಿರುತ್ತದೆ. ಕಂದೀಲು ತಳ ಮುಟ್ಟದೆ ನಡುವೆಯೇ ನಿಂತರೆ ಅಲ್ಲಿ ಉರಿದೀತು. ಮನುಷ್ಯ ಇಳಿದು ಕಾಳು ಕೆದರಿದರೆ ಅಡಗಿದ್ದ ಗಾಳಿ ಮೇಲೆ ಎದ್ದೀತು.

"ದೀಪ ಆರಿದ್ರ ಇಳೀಬಾರದು, ಅದು ಖರೆ. ಉರದ್ರ ಇಳೀಬಹುದು ಅನ್ನೂದು ಅದರಿಂದ ಬರೂದಿಲ್ಲ. ನೀ ಎರಡನ್ನೂ ಕೂಡಿಸಿ ಒಂದ ಸಾಲು ಮಾಡಿಬಿಟ್ಟಿ."

"ಹಂಗಾದ್ರ ಅವತ್ತ ಅಲ್ಲಿ ಏನಾಗಿತ್ತು ಸರ್?"

"ಅದನ್ನ ನಾನೂ ಹೇಳಾಕಾಗೂದಿಲ್ಲ. ಯಾರಿಗೂ ಆಗೂದಿಲ್ಲ" ಎಂದು ಹೇಳಿ, ಕನ್ನಡಕ ಇಳಿಸಿಕೊಂಡು ಮುಂದಿನ ಪೋಸ್ಟರಿಗೆ ಹೋದರು.

ಎಲ್ಲರೂ ಊಟಕ್ಕೆ ಹೋದಾಗ ನಾನು ಹೆಸರು ನೋಂದಾಯಿಸುವ ಮೇಜಿನಿಂದ ಮಾರ್ಕರ್ ತಂದೆ. "ನಂಬಲರ್ಹವಾದ" ಎಂಬುದನ್ನು ಹೊಡೆದು ಹಾಕಿದೆ. ಮೇಲೆ "ಆರಿದರೆ ಅಪಾಯ ಖಚಿತ, ಉರಿದರೆ ಗೊತ್ತಿಲ್ಲ" ಎಂದು ಬರೆದೆ. ಫ್ಲೆಕ್ಸಿನ ಮೇಲೆ ಶಾಯಿ ಕೂರಲಿಲ್ಲ. ಸೀರೆಯ ಸೆರಗು ತಾಗಿ ಅರ್ಧ ಅಕ್ಷರ ಬಳಿದುಹೋದವು. ಇದ್ದ ಚಂದವೂ ಕೆಟ್ಟಿತು. ಮೇಡಂ ಬಂದು ನೋಡಿ ನಿಂತೇಬಿಟ್ಟರು.

"ಏನಿದು ಸುವರ್ಣಾ? ನನಗೊಂದು ಮಾತು ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದೆ ಮೇಡಂ. ಫೋನಿನ್ಯಾಗ."

ಅವರು ಏನೋ ಹೇಳಲು ಹೋಗಿ ತಡೆದರು. ನೆನಪಿಗೆ ಬಂದಿರಬೇಕು. "ಹೌದು, ನೀನು ಹೇಳಿದ್ದೆ" ಎಂದು ಸಣ್ಣ ದನಿಯಲ್ಲಿ ಹೇಳಿ, ಕರ್ಚೀಫಿನಿಂದ ಬಳಿದುಹೋದ ಶಾಯಿಯ ಅಂಚನ್ನು ಒರೆಸಲು ನೋಡಿದರು. ಅದು ಇನ್ನಷ್ಟು ಹರಡಿತು. ಬಹುಮಾನ ಬೇರೆಯವರಿಗೆ ಬಂತು. ಹಾಸ್ಟೆಲಿನಲ್ಲಿ ಗೆಳತಿಯರು ಏನಾಯಿತು ಎಂದು ಕೇಳಿದರೆ ನಾನು ಗೆದ್ದೆನೋ ಸೋತೆನೋ ಹೇಳಲು ಬರಲಿಲ್ಲ.

ಮುಂದಿನ ಭಾನುವಾರ ಮಾಮಾನ ಊರಿಗೆ ಹೋದೆ. ಕಡಲೆ ಕಿತ್ತು ಕಣಕ್ಕೆ ಹಾಕಿದ್ದರು, ಹೊಲಗಳು ಬೋಳಾಗಿದ್ದವು. ಈರವ್ವಾಯಿಯ ಮನೆಗೆ ಒಬ್ಬಳೇ ಹೋದೆ. ಮಾಸ್ತರು ಬಾಗಿಲಲ್ಲೇ ಸಿಕ್ಕರು.

"ನಮ್ಮ ಮನಿ ಬಂತೇನವಾ ಅದರಾಗ?"

"ಇಲ್ರಿ ಸರ್."

"ಬೇಷಾತು. ಬಾ, ಚಾ ಕುಡಿ."

ಈರವ್ವಾಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಕಡಲೆ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿದ್ದೇ ಮೊರ ಬದಿಗಿಟ್ಟಳು. "ಕೇಳಿದ್ಯಾ?" ಎಂದಳು. ನಾನು ಮಾಸ್ತರ ಕಡೆ ನೋಡಿದೆ.

"ಅವಾ ಇರಲಿ. ಅವಗೂ ಅರವತ್ತಾತು. ನೀ ಹೇಳು."

ಮಾಸ್ತರು ಒಳಗೆ ಹೋಗುತ್ತಿದ್ದವರು ಹೊಸ್ತಿಲಲ್ಲೇ ನಿಂತರು. ನನಗೆ ಬೇರೆ ದಾರಿ ಇರಲಿಲ್ಲ. ಸರ್ ಹೇಳಿದ್ದನ್ನು ಆಕೆಗೆ ತಿಳಿಯುವ ಹಾಗೆ ಹೇಳಿದೆ. ಕಂದೀಲು ಉರಿದಿದ್ದರೂ ಮನುಷ್ಯ ಸಾಯಬಹುದು ಆಯಿ. ತಳದ ಗಾಳಿ ಬೇರೆ, ಮೇಲಿನ ಗಾಳಿ ಬೇರೆ. ನೀವು ನೆಟ್ಟಗೆ ನೋಡಿದ್ದರೂ ಹಾಗೇ ಆಗುತ್ತಿತ್ತೇನೋ. ನಿಮ್ಮ ತಪ್ಪು ಎಂದು ಹೇಳಲಾಗುವುದಿಲ್ಲ. ಇಷ್ಟು ಹೇಳಿ, ಆಕೆಗೆ ಹಗುರಾಗುತ್ತದೆ ಎಂದು ಕಾದೆ.

ಆಕೆ ಮೊರ ಮತ್ತೆ ಎಳೆದುಕೊಂಡು ಕಡಲೆಯಲ್ಲಿ ಬೆರಳಾಡಿಸಿದಳು.

"ತಪ್ಪಲ್ಲ ಅಂತೂ ಹೇಳೂದಿಲ್ಲ ನೀ."

"ಅದೂ ಗೊತ್ತಿಲ್ಲ ಆಯಿ."

"ಇಷ್ಟು ವರ್ಷ ನನ್ನ ತಪ್ಪು ಅಂತ ತಿಳದಿದ್ದೆ. ದಿನಾ ಲಿಂಗಪೂಜಿ ಮಾಡುವಾಗ ಅವನ ಹೆಸರು ತಗೊಂಡು, ತಪ್ಪಾತು ಅಂತ ಕೈ ಮುಗೀತಿದ್ದೆ. ಇನ್ನ ಏನಂತ ಮುಗೀಲಿ?"

ಒಳ್ಳೆಯದು ಮಾಡಲು ಬಂದು ಆಕೆಯ ಕೈಯಲ್ಲಿದ್ದುದನ್ನೂ ಕಿತ್ತುಕೊಂಡೆನೇನೋ ಎಂದು ಹೆದರಿಕೆಯಾಯಿತು. ತಪ್ಪಾತು ಆಯಿ ಎನ್ನಬೇಕೆಂದುಕೊಂಡೆ. ಆ ಮಾತೇ ಆಕೆಯದಾಗಿತ್ತು, ಬಾಯಿಗೆ ಬರಲಿಲ್ಲ.

ಮಾಸ್ತರು ಹೊಸ್ತಿಲಿನಿಂದ ಇಳಿದು ಬಂದರು. ಅವರ ಮುಖ ನೋಡಿ, ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಕುರ್ಚಿ ಇದ್ದರೂ ಅವ್ವನ ಮಗ್ಗುಲಲ್ಲಿ ನೆಲದ ಮೇಲೆ ಕೂತರು.

"ಅವ್ವಾ, ಕಂದೀಲು ನೀ ಇಳಿಸಿದ್ದೇನ?"

"ಹೂಂ."

"ನನಗ ಯಾರೂ ಹೇಳಲಿಲ್ಲ."

"ನಿಮ್ಮಪ್ಪ ಬ್ಯಾಡ ಅಂದಿದ್ದಾ. ಮಂದಿ ನನ್ನ ಹೆಸರು ತಗೀತಾರು ಅಂತ ತನ್ನ ಮ್ಯಾಲೆ ಬಂದದ್ದು ತಾನ ಹೊತ್ತಾ."

ಮಾಸ್ತರು ಮೊರದಲ್ಲಿದ್ದ ಒಂದು ಹರಳು ಆರಿಸಿ ಹೊರಗೆ ಒಗೆದರು. ಆಮೇಲೆ ಕೇಳಿದರು.

"ಹೊಲದ ಹಳೇ ಉತಾರದ ಕಾಗದದಾಗ ಕಾಕಾನ ಹೆಸರು ಶಿವರುದ್ರಪ್ಪ ಅಂತೈತಿ. ಮನ್ಯಾಗ ಏನಂತ ಕರೀತಿದ್ರಿ?"

ಈರವ್ವಾಯಿ ಮಗನನ್ನು ನೋಡಿದಳು. ಆ ಪ್ರಶ್ನೆ ಆಕೆಯನ್ನು ಯಾರೂ ಯಾವತ್ತೂ ಕೇಳಿರಲಿಲ್ಲ ಎಂಬುದು ಆ ನೋಟದಲ್ಲೇ ತಿಳಿಯಿತು.

"ರುದ್ದೂ ಅಂತಿದ್ವಿ" ಎಂದಳು. "ಅವಗ ಅಗದಿ ತಾಳ್ಮಿ ಇರಲಿಲ್ಲ. ಹಂಚಿನ ಮ್ಯಾಲಿನ ರೊಟ್ಟಿ ಹಂಗ ಎತ್ತತಿದ್ದಾ. ಕೈ ಸುಟ್ಟಕೊಂಡು ನನಗ ಬೈತಿದ್ದಾ, ರೊಟ್ಟಿ ಯಾಕ ಇಷ್ಟ ಬಿಸಿ ಮಾಡೀದಿ ಅಂತ."

ಮಾಸ್ತರು ನಕ್ಕರು. ಆಕೆಯೂ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮತ್ತ?" ಎಂದರು ಮಾಸ್ತರು. ಆಕೆ ಮುಂದೆ ಹೇಳತೊಡಗಿದಳು, ಕುಸ್ತಿಯದು, ಎತ್ತಿನದು, ಒಂದು ಹಸಿರು ರುಮಾಲಿನದು.

ನನ್ನ ಮೊಬೈಲು ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಚಹಾ ಬರುವ ಮುಂಚೆಯೇ ಎದ್ದು, ಸಪ್ಪಳ ಮಾಡದೆ ಚಪ್ಪಲಿ ಮೆಟ್ಟಿಕೊಂಡೆ. ಇಬ್ಬರಲ್ಲಿ ಯಾರೂ ನನ್ನನ್ನು ಕೂಡ್ರು ಎನ್ನಲಿಲ್ಲ.